ಸೊಸೆಯನ್ನು ಕೇಳದೆ ಬಿಟ್ಟ ಪ್ರಶ್ನೆ

ಬೆಳಗಿನ ಐದು ಗಂಟೆ. ಗೋವಾದ ಝುವಾರಿನಗರದ ಓಣಿಗಳಲ್ಲಿ ಪಾವ್ ಮಾರುವವನ ಸೈಕಲ್ ಹಾರ್ನ್ ಇನ್ನೂ ಕೇಳಿಸಿಲ್ಲ. ರಾತ್ರಿ ಪಾಳಿ ಮುಗಿಸಿದವರು ಕಾಲೆಳೆಯುತ್ತ ಮನೆಗೆ ಬರುತ್ತಿದ್ದಾರೆ, ಹಗಲು ಪಾಳಿಯವರ ಹೆಂಡಂದಿರು ಕೊಡ ಹಿಡಿದು ನಲ್ಲಿಯ ಮುಂದೆ ನಿಂತಿದ್ದಾರೆ. ಒಂದು ತಗಡಿನ ಬಾಗಿಲಿನ ಎದುರು ಐವತ್ತೈದರ ಹೆಂಗಸೊಬ್ಬರು ನಿಂತು ಕೈಬಳೆಯಿಂದ ಟಕಟಕ ಬಡಿಯುತ್ತಾರೆ. ಮೈಮೇಲೆ ನೀಲಿ ಯೂನಿಫಾರ್ಮ್ ಸೀರೆ, ಬಗಲಲ್ಲಿ ಪ್ಲಾಸ್ಟಿಕ್ ಚೀಲ, ಚೀಲದ ತುಂಬ ಬೇರೆಯವರ ಮನೆಯ ಕಾಗದಗಳು. ಇವರು ಚಂದವ್ವ. ಮಡಗಾಂವ್ ಕಡೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ನೆಲ ಒರೆಸುವುದು ಇವರ ಕೆಲಸ. ಆದರೆ ಈ ಹೊತ್ತಿನಲ್ಲಿ ಈ ಬಾಗಿಲು ಬಡಿಯಲು ಯಾವ ಗುತ್ತಿಗೆದಾರನೂ ಹೇಳಿಲ್ಲ.

ಬಾಗಿಲು ತೆರೆದವಳು ಶ್ವೇತಾ. ಇಪ್ಪತ್ತೇಳು ವರ್ಷ, ಮೂರು ಸಲ ಬಸಿರು ಇಳಿದಿದೆ. ಅವಳ ಹಿಂದೆ ಗಂಡ ಕೇಶಪ್ಪ ಅಂಗಿ ಹಾಕಿಕೊಳ್ಳುತ್ತ ನಿಂತಿದ್ದಾನೆ.

“ಚಾ ಕುಡದಿಯೇನ?”

“ಇಲ್ರಿ ದೊಡ್ಡವ್ವ. ಖಾಲಿ ಹೊಟ್ಟಿ.”

“ಆಧಾರ ತಗೊಂಡಿ? ಗುಳಿಗಿ ಚೀಟಿ? ಹಳೀ ರಿಪೋರ್ಟ?”

ಶ್ವೇತಾ ಒಂದೊಂದನ್ನೂ ತೆಗೆದು ತೋರಿಸುತ್ತಾಳೆ. ಚಂದವ್ವನಿಗೆ ಅಷ್ಟಕ್ಕೇ ಸಮಾಧಾನವಿಲ್ಲ. ಅವಳ ಮೊಣಕೈ ಹಿಡಿದು, ಗಂಡನಿಗೆ ಕೇಳಿಸದಷ್ಟು ದೂರ, ನಲ್ಲಿಯ ಪಕ್ಕಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ದನಿ ತಗ್ಗಿಸಿ ಕೇಳುತ್ತಾರೆ: “ತವರಮನ್ಯಾಗ ನಿನ್ನ ಏನಂತ ಕರೀತಿದ್ರವಾ? ಬ್ಯಾರೇ ಹೆಸರೀಲೆ ಏನರ ಕಾಗದ ಅದಾವೇನು?”

ಶ್ವೇತಾಳಿಗೆ ನಗು. “ಶ್ವೇತಾ ಅಂತನ ಕರೀತಿದ್ರು. ಇದು ಮೂರನೇ ಸಲ ಕೇಳಾಕತ್ತೀರಿ ದೊಡ್ಡವ್ವ.”

“ಹತ್ತ ಸಲ ಕೇಳತೀನಿ. ನಿನ್ನ ಗಂಟೇನು ಹೋಗೂದು?”

ಹುಡುಗಿ ನಗುತ್ತಾಳೆ, ಚಂದವ್ವ ನಗುವುದಿಲ್ಲ. ಈ ಪ್ರಶ್ನೆಯನ್ನು ಒಂದು ಸಲ ಕೇಳಬೇಕಾದಲ್ಲಿ ಕೇಳದೆ ಬಿಟ್ಟದ್ದರ ಬೆಲೆ ಏನೆಂದು ಅವರು ಕಂಡಿದ್ದಾರೆ. ಬೆಲೆ ತೆತ್ತವರು ಅವರಲ್ಲ, ಬೇರೊಬ್ಬಳು. ಅದೇ ಅವರ ಸಂಕಟ.

ಶ್ವೇತಾಳ ಕಾಯಿಲೆಗೆ ನಾಲಿಗೆ ಹೊರಳದಷ್ಟು ಉದ್ದನೆಯ ಇಂಗ್ಲಿಷ್ ಹೆಸರಿದೆ. ಡಾಕ್ಟರರು ಚುಟುಕಾಗಿ ಎಪಿಎಸ್ ಅನ್ನುತ್ತಾರೆ. ಹೊರಗಿನ ರೋಗಗಳಿಂದ ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು, ಹರಿಯುವ ರಕ್ತವನ್ನು ಅಲ್ಲಲ್ಲೇ ಹೆಪ್ಪುಗಟ್ಟಿಸುವ ರೋಗ ಇದು. ಹೆಪ್ಪು ಕಾಲಿನಲ್ಲಿ ಕಟ್ಟಿದರೆ ಕಾಲು ಬಾಯುತ್ತದೆ, ಬಸಿರಿನಲ್ಲಿ ಕಟ್ಟಿದರೆ ಕೂಸು ಉಳಿಯುವುದಿಲ್ಲ, ಮಿದುಳಿನಲ್ಲಿ ಕಟ್ಟಿದರೆ ಲಕ್ವ. ಚಂದವ್ವ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸುತ್ತಾರೆ: “ಬೇಲೀನ ಎದ್ದು ಹೊಲಾ ಮೇದಂಗರಿ.” ವೈದ್ಯಕೀಯ ಪುಸ್ತಕಗಳು ಎರಡು ಪುಟ ತೆಗೆದುಕೊಂಡು ಹೇಳುವುದೂ ಇದನ್ನೇ.

ರೋಗ ಬೇರುಸಹಿತ ಹೋಗುವ ಔಷಧ ಇನ್ನೂ ಬಂದಿಲ್ಲ. ರಕ್ತ ತೆಳ್ಳಗಿಡುವ ಗುಳಿಗೆಯನ್ನು ಹೆಚ್ಚಿನವರು ಬಹುಕಾಲ ನುಂಗಬೇಕು, ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ ಆಗಾಗ ರಕ್ತ ತೋರಿಸಬೇಕು. ಹೊಸ ಔಷಧಗಳನ್ನು ಕಂಡುಹಿಡಿದವರು ಅವು ನಿಜಕ್ಕೂ ಕೆಲಸ ಮಾಡುತ್ತವೆಯೇ ಎಂದು ರೋಗಿಗಳ ಮೇಲೆ ಪರೀಕ್ಷಿಸಿ ನೋಡುತ್ತಾರೆ. ಅದಕ್ಕೇ ‘ಟ್ರಯಲ್’ ಅನ್ನುವುದು. ಇಂಥ ಟ್ರಯಲ್‌ಗಳು ಎಲ್ಲಿ ನಡೆಯುತ್ತಿವೆ, ಯಾರಿಗೆ ಪ್ರವೇಶ, ಯಾರಿಗಿಲ್ಲ ಎಂಬುದೆಲ್ಲ ಸರಕಾರದ ಒಂದು ಜಾಲತಾಣದಲ್ಲಿ ಇಂಗ್ಲಿಷಿನಲ್ಲಿ ಬಹಿರಂಗವಾಗಿಯೇ ಇರುತ್ತದೆ. ಝುವಾರಿನಗರದ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರಿಗೆ ಆ ಬಹಿರಂಗದಿಂದ ಏನೂ ಉಪಯೋಗವಿಲ್ಲ. ನಡುವೆ ಒಬ್ಬರು ಬೇಕು, ಆ ಒಬ್ಬರು ಚಂದವ್ವ.

ಎಂಟೂವರೆಗೆ ಆಸ್ಪತ್ರೆಯ ಎರಡನೇ ಮಹಡಿಯ ಸಣ್ಣ ಕೋಣೆ. ಟ್ರಯಲ್‌ಗಳ ಉಸ್ತುವಾರಿ ನೋಡುವ ಲವೀನಾ ಫುರ್ತಾದೊ ಕೊಂಕಣಿ, ಇಂಗ್ಲಿಷ್, ಹಿಂದಿಗಳಲ್ಲಿ ಪಟಪಟ ಮಾತಾಡುತ್ತಾರೆ. ಕನ್ನಡದಲ್ಲಿ ಅವರಿಗೆ ಬರುವುದು ‘ಕುಂದ್ರಿ’, ‘ಊಟ ಆತೇನ್ರಿ’ ಎರಡೇ, ಎರಡನೆಯದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದವರಿಗೂ ಹೇಳಿಬಿಡುತ್ತಾರೆ. ಮೇಜಿನ ಮೇಲೆ ಹದಿನೇಳು ಪುಟದ ಕನ್ನಡ ಮಾಹಿತಿ ಪತ್ರ. ‘ಯಾದೃಚ್ಛಿಕ ಹಂಚಿಕೆಯ ಮೂಲಕ ಭಾಗಿಗಳನ್ನು ನಿಷ್ಕ್ರಿಯ ಗುಳಿಗೆಯ ಗುಂಪಿಗೆ ನಿಯೋಜಿಸಲಾಗಬಹುದು’ ಎಂಬ ಸಾಲು ಮೂರನೇ ಪುಟದಲ್ಲಿದೆ. ಇದನ್ನು ಬರೆದ ಪುಣ್ಯಾತ್ಮರು ಯಾರೋ, ಅವರ ಮನೆಯವರೂ ಅವರ ಜೊತೆ ಇಂಥ ಕನ್ನಡದಲ್ಲಿ ಮಾತಾಡಲಾರರು. ಏಳನೇ ತರಗತಿಗೆ ಶಾಲೆ ಬಿಟ್ಟ ಶ್ವೇತಾ ಬೆರಳಿಟ್ಟು ಓದಿ, ತಲೆ ಎತ್ತಿ, ಚಂದವ್ವನ ಮುಖ ನೋಡುತ್ತಾಳೆ.

“ಚೀಟಿ ಎತ್ತತಾರವಾ,” ಚಂದವ್ವ ಶುರು ಮಾಡುತ್ತಾರೆ. “ಒಂದ್ ಪಾಲಿಗೆ ಖರೇ ಔಷಧ, ಇನ್ನೊಂದ್ ಪಾಲಿಗೆ ಬರೇ ಗುಳಿಗಿ. ನೋಡಾಕ ಎರಡೂ ಒಂದ. ನಿನಗ ಯಾವ್ದು ಬಂತು ಅಂತ ನಿನಗೂ ಗೊತ್ತಾಗೂದಿಲ್ಲ, ಕೊಡೋ ಡಾಕ್ಟರಿಗೂ ಗೊತ್ತಾಗೂದಿಲ್ಲ. ಈಗ ತಗೊಳ್ಳೋ ರಕ್ತದ ಗುಳಿಗಿ ಮಾತ್ರ ಬಿಡೂದಿಲ್ಲ. ಅದು ಎಲ್ಲಾರಿಗೂ ನಡೀತೈತಿ.”

“ಬರೇ ಗುಳಿಗಿ ಬಂದ್ರ ನಾ ಸುಮ್ಮನ ಬಂದಂಗ ಆತಲ್ರಿ?”

“ಹದಿನೈದು ದಿನಕ್ಕೊಮ್ಮೆ ನಿನ್ನ ರಕ್ತ ನೋಡ್ತಾರ. ಹೆಚ್ಚು ಕಡಿಮಿ ಆದ್ರ ತಾವ ಫೋನ್ ಮಾಡಿ ಕರೀತಾರ. ಅದೇನು ಸುಮ್ಮನ ಅಲ್ಲ.” ಮತ್ತೆ ಸೇರಿಸುತ್ತಾರೆ: “ಒಲ್ಲೆ ಅಂದ್ರೂ ನಡೀತೈತಿ ನೋಡು. ಇವತ್ತ ಹೂಂ ಅಂದು ನಾಳಿ ಒಲ್ಲೆ ಅಂದ್ರೂ ನಡೀತೈತಿ. ಮನಿಗ್ಹೋಗಿ ವಿಚಾರ ಮಾಡಿ ಬರ್ತೀನಂದ್ರೂ ಚಲೋನ.”

ಶ್ವೇತಾ ವಿಚಾರ ಮಾಡುತ್ತಾಳೆ, ಕೇಶಪ್ಪನೊಡನೆ ಹೊರಗೆ ಹೋಗಿ ಮಾತಾಡಿ ಬರುತ್ತಾಳೆ, ಆಮೇಲೆ ಸಹಿ ಮಾಡುತ್ತಾಳೆ. ಓದು ಬಾರದವರು ಬಂದರೆ ಟ್ರಯಲ್ ನಡೆಸುವವರಿಗೆ ಸಂಬಂಧಪಡದ ಒಬ್ಬ ಸಾಕ್ಷಿ ಬೇಕೆಂದು ನಿಯಮವಿದೆ. ಅಂಥ ಒಂಬತ್ತು ಜನರ ಒಪ್ಪಿಗೆ ಪತ್ರದ ಕೆಳಗೆ ಚಂದವ್ವನ ಓರೆಕೋರೆ ಸಹಿ ಇದೆ. ಊರಿನ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಕಲಿತ ಅಕ್ಷರ ಅದು. ಒಂಬತ್ತಕ್ಕೆ ಹಾಜರಿ ಹಾಕಿ ಅವರು ಮಾಪ್ ಹಿಡಿಯುತ್ತಾರೆ. ಎರಡು ಮಹಡಿ, ಮೂವತ್ತಾರು ಕೋಣೆ, ದಿನಕ್ಕೆ ಎರಡು ಸಲ ಒರೆಸಬೇಕು. ಶ್ವೇತಾಳ ಜೊತೆ ಕಳೆದ ಬೆಳಗು ಆ ಲೆಕ್ಕದಲ್ಲಿ ಸೇರುವುದಿಲ್ಲ.

ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹಳ್ಳಿಯಿಂದ ಚಂದವ್ವ ಗೋವಾಕ್ಕೆ ಬಂದದ್ದು ಮದುವೆಯಾದ ವರ್ಷ, ಹತ್ತೊಂಬತ್ತರ ಪ್ರಾಯದಲ್ಲಿ. ಗಂಡ ಅಮೀನಪ್ಪ ಬಂದರಿನಲ್ಲಿ ಹಮಾಲಿ ಮಾಡಿ ಬೆನ್ನು ನೋಯಿಸಿಕೊಂಡು ಈಗ ಒಂದು ಗೋದಾಮಿನ ಕಾವಲಿಗಿದ್ದಾನೆ. ಚಂದವ್ವ ಮಣ್ಣು ಹೊತ್ತರು, ಮೀನಿನ ಕಾರ್ಖಾನೆಯಲ್ಲಿ ಸಿಗಡಿ ಬಿಡಿಸಿದರು, ಹನ್ನೊಂದು ವರ್ಷದ ಹಿಂದೆ ಆಸ್ಪತ್ರೆ ಸೇರಿದರು. ಈ ಉಪದ್ವ್ಯಾಪ ಗಂಟುಬಿದ್ದದ್ದು ಏಳು ವರ್ಷದ ಹಿಂದೆ. ಕುಂಕಳ್ಳಿಯ ಕಾರ್ಖಾನೆಯೊಂದರ ಕೆಲಸಗಾರ ಸಂಗಣ್ಣನಿಗೆ ಲವೀನಾ ಹಿಂದಿಯಲ್ಲಿ ಟ್ರಯಲ್ ವಿವರಿಸುತ್ತಿದ್ದರು. ಅವನು ‘ಹಾಂ ಹಾಂ’ ಅನ್ನುತ್ತ ತಲೆಯಾಡಿಸುತ್ತಿದ್ದ. ಬಾಗಿಲ ಬಳಿ ಒರೆಸುತ್ತಿದ್ದ ಚಂದವ್ವನಿಗೆ ಆ ತಲೆಯಾಟದ ಅರ್ಥ ಗೊತ್ತಿತ್ತು. ಮಣ್ಣು ಹೊರುವಾಗ ಮುಕಾದಮನ ಮುಂದೆ ತಾವೂ ಹಾಗೇ ತಲೆಯಾಡಿಸಿದವರು.

“ನಾ ಕೇಳಿದೆ, ಅಣ್ಣಾ ಏನ್ ತಿಳೀತು ಅಂತ. ಏನೂ ತಿಳೀಲಿಲ್ಲಕ್ಕ, ಬ್ಯಾಡ ಅಂದ್ರ ಔಷಧಾನೂ ಬಂದ್ ಮಾಡ್ತಾರೇನೋ ಅಂತ ಹೂಂ ಅನ್ನಾಕತ್ತೇನಿ ಅಂದ. ನನಗ ತಡೀಲಿಲ್ರಿ. ಮಾಪ್ ಗ್ವಾಡಿಗೆ ಆನಿಸಿ, ಲವೀನಾ ಬಾಯಿ, ಇವಗ ಏನಂದ್ರ ಏನೂ ತಿಳಿದಿಲ್ಲ ಅಂದೆ.”

ಬೇರೆಯವರಾಗಿದ್ದರೆ ನಿನ್ನ ಕೆಲಸ ನೀನು ನೋಡು ಅನ್ನುತ್ತಿದ್ದರು. ಲವೀನಾ ಕುರ್ಚಿ ಎಳೆದುಕೊಟ್ಟರು. ಅಂದಿನಿಂದ ಪ್ರತಿ ಸೋಮವಾರ ಚಂದವ್ವ ಅವರ ಬಾಗಿಲಲ್ಲಿ ಇಣುಕಿ “ಹೊಸಾದ್ ಏನರ ಬಂದೈತೇನ್ರಿ?” ಎಂದು ತಮ್ಮ ಹರಕುಮುರುಕು ಹಿಂದಿಯಲ್ಲಿ ಕೇಳುತ್ತಾರೆ. ಬಂದಿದ್ದರೆ ಲವೀನಾ ಅದರ ಷರತ್ತುಗಳನ್ನು ಹಿಂದಿಯಲ್ಲಿ ಓದಿ ಹೇಳುತ್ತಾರೆ, ಚಂದವ್ವ ಬಾಯಿಪಾಠ ಮಾಡುತ್ತಾರೆ. ಹದಿನೆಂಟು ತುಂಬಿರಬೇಕು, ಬಸುರಿ ಆಗಿರಬಾರದು, ಕಿಡ್ನಿ ಚೆನ್ನಾಗಿರಬೇಕು. ಎಲ್ಲಕ್ಕಿಂತ ದೊಡ್ಡ ಷರತ್ತು, ರೋಗ ಇದೆಯೆಂದು ಎರಡು ರಕ್ತ ಪರೀಕ್ಷೆ ಹೇಳಬೇಕು, ಎರಡರ ನಡುವೆ ಹನ್ನೆರಡು ವಾರವಾದರೂ ಕಳೆದಿರಬೇಕು. ಜ್ವರ ನೆಗಡಿಯಲ್ಲೂ ಒಮ್ಮೊಮ್ಮೆ ಈ ಪರೀಕ್ಷೆ ತಪ್ಪು ಹೇಳುತ್ತದಂತೆ, ಅದಕ್ಕೇ ಎರಡು ಸಲ.

ಆಮೇಲೆ ಹುಡುಕಾಟ. ನಲ್ಲಿಯ ಸಾಲು, ರೇಷನ್ ಅಂಗಡಿ, ಬಸ್ಸಿನ ಹಿಂದಿನ ಸೀಟು. ಮೇಲಿಂದ ಮೇಲೆ ಬಸಿರು ಇಳಿದವರು, ಒಂದೇ ಕಾಲು ಬಾತುಕೊಂಡವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತಾರೆ. ದೃಷ್ಟಿಯಾಗಿದೆ, ಹಿರಿಯರ ಶಾಪವಿದೆ ಎಂದು ತಾಯತ ಕಟ್ಟಿಸಿಕೊಂಡವರಿಗೆ ತಾಯತ ಬಿಚ್ಚಿ ಅನ್ನುವುದಿಲ್ಲ. “ಅದೂ ಇರ್ಲಿ, ಒಂದ್ ಸಲ ರಕ್ತಾನೂ ತೋರಸ್ರಿ” ಅನ್ನುತ್ತಾರೆ. ಏಳು ವರ್ಷದಲ್ಲಿ ಐವತ್ತೆಂಟು ಜನರನ್ನು ಡಾಕ್ಟರ ಮುಂದೆ ಕೂಡಿಸಿದ್ದಾರೆ. ಇಪ್ಪತ್ತಮೂರು ಜನರಿಗೆ ಈ ರೋಗ ಇರುವುದು ಖಾತ್ರಿಯಾಗಿದೆ, ಹದಿನಾಲ್ಕು ಜನ ಒಂದಲ್ಲ ಒಂದು ಟ್ರಯಲ್ ಸೇರಿದ್ದಾರೆ. “ನಮ್ಮನ್ನ ಇಲಿ ಮಾಡಾಕ ಬಂದೀಯೇನ” ಎಂದು ಬಾಗಿಲು ಹಾಕಿದವರನ್ನು ಅವರು ಎಣಿಸಿಟ್ಟಿಲ್ಲ. ಎಣಿಸಿದರೆ ಮೊದಲಿನ ಸಂಖ್ಯೆಗಳು ಸಣ್ಣವಾಗಿ ಕಂಡಾವು.

ಸೇರಿದ ಆ ಹದಿನಾಲ್ಕು ಜನರ ಲೆಕ್ಕದಿಂದ ಚಂದವ್ವನಿಗೆ ಸಮಾಧಾನವಿಲ್ಲ. ಅವರ ಮನಸ್ಸು ನಿಂತಿರುವುದು ಸೇರದೆ ಉಳಿದ ಒಬ್ಬಳ ಮೇಲೆ.

ಅವಳ ಹೆಸರು ಮಲ್ಲಿಕಾ. ಈಗ ಇಪ್ಪತ್ತೈದು. ಗಂಡ ಗುರುಪಾದ ಗೌಂಡಿ ಕೆಲಸದವನು. ಕಳೆದ ವರ್ಷ ಜೂನಿನಲ್ಲಿ, ಮೊದಲ ಮಳೆ ಬಿದ್ದ ವಾರ, ಅವಳ ಎಡಗಾಲು ಬಾತು ಕಂಬದಂತಾಗಿ ಆಸ್ಪತ್ರೆಗೆ ಬಂದಳು. ಕಾಲಿನಲ್ಲಿ ಹೆಪ್ಪು ಕಟ್ಟಿತ್ತು, ಅದಕ್ಕೂ ಮೊದಲು ಎರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವು. ರಕ್ತ ಪರೀಕ್ಷೆ ಮಾಡಿದರೆ ಅದೇ ರೋಗ. ಆಗ ನಡೆಯುತ್ತಿದ್ದ ಟ್ರಯಲಿನಲ್ಲಿ ಇನ್ನು ಐದು ಜಾಗ ಮಾತ್ರ ಉಳಿದಿದ್ದವು. ಹಿಂದೆ ಎಲ್ಲಾದರೂ ಈ ಪರೀಕ್ಷೆ ಮಾಡಿಸಿದ್ದರೆ ಆ ರಿಪೋರ್ಟು ತನ್ನಿ, ನಾಳೆಯೇ ಸೇರಿಸಿಕೊಳ್ಳಬಹುದು ಅಂದರು ಲವೀನಾ. ಇಲ್ಲದಿದ್ದರೆ ಹನ್ನೆರಡು ವಾರ ಕಾಯಬೇಕು.

ಕೆಲಸ ಮುಗಿಸಿ ಚಂದವ್ವ ನೇರ ಗುರುಪಾದನ ಮನೆಗೆ ಹೋದರು. ಅತ್ತೆ ಮಹಾದೇವಕ್ಕ ಗೋಡೆಯ ಗೂಡಿನಿಂದ ಒಂದು ಕೈಚೀಲ ತೆಗೆದು ಚಾಪೆಯ ಮೇಲೆ ಸುರುವಿದರು. ರೇಷನ್ ಕಾರ್ಡಿನ ಜೆರಾಕ್ಸು, ಮದುವೆಯ ಫೋಟೋ, ಮಡಚಿದ ಒಂದು ಲ್ಯಾಬ್ ರಿಪೋರ್ಟು. ಆಸ್ಪತ್ರೆಯಲ್ಲಿ ಇದ್ದೂ ಇದ್ದೂ ಚಂದವ್ವನಿಗೆ ಇಂಗ್ಲಿಷಿನ ಹೆಸರುಗಳನ್ನು ಅಕ್ಷರ ಕೂಡಿಸಿ ಓದಲು ಬರುತ್ತದೆ. ಓದಿದರು: ಗೀತಾಂಜಲಿ ನಾನಪ್ಪ.

“ಗೀತಾಂಜಲಿ ಅಂದ್ರ ಯಾರ್ರಿ ಮಹಾದೇವಕ್ಕ?”

“ಆ ಹೆಸರಿನವ್ರು ನಮ್ಮನ್ಯಾಗ ಯಾರೂ ಇಲ್ರಿ.”

ಚಂದವ್ವ ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಚಿ ಚೀಲಕ್ಕೆ ಹಾಕಿದರು. ಯಾರೋ ನೆಂಟರದೋ ನೆರೆಯವರದೋ ಇರಬೇಕು ಅಂದುಕೊಂಡರು. ಮೂರು ಮಾರು ದೂರದಲ್ಲಿ ಒಲೆಯ ಮುಂದೆ ಮಲ್ಲಿಕಾ ಬೆನ್ನು ಮಾಡಿ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಒಂದು ಕ್ಷಣ ರೊಟ್ಟಿಯ ಸಪ್ಪಳ ನಿಂತಿತ್ತು ಎಂದು ಚಂದವ್ವನಿಗೆ ಈಗ ನೆನಪಾಗುತ್ತದೆ. ನಿಜವಾಗಿ ನಿಂತಿತ್ತೋ, ತಮ್ಮ ಮನಸ್ಸು ಈಗ ಕಟ್ಟಿಕೊಂಡದ್ದೋ, ಅವರಿಗೂ ಖಚಿತವಿಲ್ಲ.

ಮಹಾದೇವಕ್ಕ ಹೇಳಿದ್ದು ಅವರ ಮಟ್ಟಿಗೆ ಸುಳ್ಳಲ್ಲ. ಆ ಮನೆತನದಲ್ಲಿ ಮದುವೆಯ ದಿನ ಮದುಮಗ ಪರಾತದ ಅಕ್ಕಿಯಲ್ಲಿ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಗೆ ಹಳೆಯ ಹೆಸರು ತವರಿನ ಪಾಲು. ಗಂಡನ ಮನೆಯಲ್ಲಿ ಅದನ್ನು ಎತ್ತಿದರೆ ಮನೆಗೆ ಒಳ್ಳೆಯದಲ್ಲ ಎಂದು ನಂಬಿಕೆ. ಅಥಣಿ ಕಡೆಯ ಗೀತಾಂಜಲಿ ಹೀಗೆ ಝುವಾರಿನಗರದ ಮಲ್ಲಿಕಾ ಆಗಿದ್ದಳು. ಎರಡನೇ ಕೂಸು ಹೋದಾಗ, ಕಳೆದ ವರ್ಷ ಫೆಬ್ರವರಿಯಲ್ಲಿ, ಅವಳು ತವರಿನಲ್ಲಿದ್ದಳು. ಅಪ್ಪ ನಾನಪ್ಪ ಅಲ್ಲಿನ ಡಾಕ್ಟರಿಗೆ ತೋರಿಸಿದ, ಡಾಕ್ಟರು ರಕ್ತ ತೆಗೆಸಿದರು, ಅಪ್ಪ ಮಗಳ ಹೆಸರು ತನಗೆ ಗೊತ್ತಿದ್ದಂತೆ ಬರೆಸಿದ. ಅವಳು ಮರಳುವಾಗ ತಂದ ಆ ರಿಪೋರ್ಟಿನಲ್ಲಿ ರೋಗ ಇದೆ ಎಂದೇ ಇತ್ತು. ಫೆಬ್ರವರಿಯಿಂದ ಜೂನಿಗೆ ಹನ್ನೆರಡಲ್ಲ, ಹದಿನೇಳು ವಾರ. ಚಂದವ್ವ ಮಡಚಿ ಒಳಗಿಟ್ಟದ್ದು ಮಲ್ಲಿಕಾಳ ಪ್ರವೇಶದ ಚೀಟಿಯನ್ನೇ.

ಮಲ್ಲಿಕಾಳಿಗೂ ಆ ಕಾಗದದ ಬೆಲೆ ಗೊತ್ತಿರಲಿಲ್ಲ, ಅತ್ತೆಯ ಎದುರು ಅದು ನನ್ನ ಹೆಸರು ಅನ್ನುವ ಧೈರ್ಯವೂ ಇರಲಿಲ್ಲ. ಗಂಡನ ಮುಂದೆ ಮಾತ್ರ ಬಾಯಿಬಿಟ್ಟಿದ್ದಳು. ಗುರುಪಾದ ಅದನ್ನು ಮುಚ್ಚಿಡುವುದಿಲ್ಲ. “ಅವತ್ತ ಉಣ್ಣಾಕ ಕುಂತಾಗ ಕೇಳಿದ್ಲರಿ, ಆ ಕಾಗದ ನಂದು ಅಂತ ಹೇಳಬೇಕಾಗಿತ್ತೇನು ಅಂತ. ಹಳೇದ್ ತಗೊಂಡು ಏನ್ ಮಾಡ್ತಿ ಬಿಡು ಅಂದೆ ನಾ. ಪೇಪರಿನ್ಯಾಗ ಬರೀರಿ, ನನ್ನ ಹೆಸರೂ ಬರೀರಿ, ಆಕೀವು ಎರಡೂ ಹೆಸರು ಬರೀರಿ. ಮತ್ತೊಬ್ರ ಮನ್ಯಾಗ ಹಿಂಗಾಗೂದು ಬ್ಯಾಡ.”

ಜೂನಿನಿಂದ ಹನ್ನೆರಡು ವಾರ ಎಣಿಸಿ ಚಂದವ್ವ ಗುರುಪಾದನ ಮನೆಯ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರಿನ ಒಂದು ತಾರೀಖಿಗೆ ಸುತ್ತು ಹಾಕಿದರು. ಆಗಸ್ಟಿನಲ್ಲಿ ಕೆಪೆ ಊರಿನ ಒಬ್ಬ ರೋಗಿ ಬಂದು ಕೊನೆಯ ಜಾಗ ತುಂಬಿತು. ಸೆಪ್ಟೆಂಬರಿನ ಪರೀಕ್ಷೆಯೂ ರೋಗ ಇದೆ ಎಂದೇ ಹೇಳಿತು, ಆದರೆ ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಮಲ್ಲಿಕಾಳಿಗೆ ಗುಳಿಗೆಯೇನೋ ಸಿಗುತ್ತಿತ್ತು, ರಕ್ತ ತೋರಿಸುವುದು ತಪ್ಪುತ್ತ ಬಂತು. ಗುರುಪಾದನಿಗೆ ಕೆಪೆಯಲ್ಲಿ ಕೆಲಸ, ಮಹಾದೇವಕ್ಕನಿಗೆ ಬಸ್ಸಿನ ದಾರಿ ತಿಳಿಯದು. ಒಂದು ವಾರ ಹೋಗಿ ಐದು ವಾರವಾಯಿತು. ಅಕ್ಟೋಬರಿನ ಒಂದು ಬೆಳಿಗ್ಗೆ ಒಲೆಯ ಮುಂದೆ ಅವಳ ಬಲಗೈಯಿಂದ ರೊಟ್ಟಿ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದವಳು ಹಾಗೇ ಪಕ್ಕಕ್ಕೆ ವಾಲಿದಳು. ಮಿದುಳಿನಲ್ಲಿ ಹೆಪ್ಪು ಕಟ್ಟಿತ್ತು.

ಮೂರನೆಯ ದಿನ ನಾನಪ್ಪ ಊರಿನಿಂದ ಬಂದ. ಚಂದವ್ವ ಆಗ ಅದೇ ವಾರ್ಡಿನಲ್ಲಿ ಪಕ್ಕದ ಮಂಚದ ಕೆಳಗೆ ಒರೆಸುತ್ತಿದ್ದರು. ಅಪ್ಪ ಮಗಳ ಮುಖದ ಮೇಲೆ ಬಾಗಿ ಕರೆದ: “ಗೀತಾ... ಏ ಗೀತಾಂಜಲಿ, ನಾ ಬಂದೇನವಾ. ಕಣ್ಣ ತಗಿ.”

ಆ ಮಂಚಗಳ ಸಾಲು ಒರೆಸಿ ಮುಗಿಸಿದರಂತೆ ಚಂದವ್ವ. ಅರ್ಧ ಒದ್ದೆ ನೆಲ ಬಿಟ್ಟರೆ ಯಾರಾದರೂ ಜಾರುತ್ತಾರೆ. ಮುಗಿಸಿ, ಬಕೆಟ್ ಒಳಗಿಟ್ಟು, ಕಸಬರಿಗೆ ಇಡುವ ಕೋಣೆಯ ಬಾಗಿಲು ಹಾಕಿಕೊಂಡು ಅತ್ತರು.

“ನನ್ನ ಕೈಯಾಗ ಇತ್ರಿ ಅದು,” ಎರಡೂ ಅಂಗೈ ಬಿಚ್ಚಿ ತೋರಿಸುತ್ತಾರೆ. “ಇಷ್ಟ್ ಹತ್ರ. ನಾ ಕೇಳಿದ್ದು ಅತ್ತೀನ. ಅಲ್ಲೇ ಕುಂತ ಹುಡುಗೀನ್ನ ಕೇಳಲಿಲ್ಲ. ಬ್ಯಾನಿ ಆಕೀದು, ಹೆಸರು ಆಕೀದು, ಆಕೀನ್ನ ಬಿಟ್ಟು ಎಲ್ಲಾರನ್ನೂ ಕೇಳಿದೆ. ಬ್ಯಾರೇದವ್ರಿಗೆ ಹೊಳೀಲಿಲ್ಲ ಅಂದ್ರ ಆತು, ನನಗ ಹೊಳೀಬ್ಯಾಡೇನ್ರಿ? ತವರಾಗ ನಾನೂ ಸಾತವ್ವ. ಚಂದವ್ವ ಅಂತ ಇಟ್ಟವ್ರು ಗಂಡನ ಮನಿಯವ್ರು. ಮೂವತ್ತಾರು ವರ್ಷ ಆತು ನನ್ನ ಯಾರೂ ಸಾತವ್ವ ಅಂತ ಕರದಿಲ್ಲ. ನನಗ ನಾನ ಮರತಬಿಟ್ಟಿದ್ದೆ.”

ಮರುದಿನ ಲವೀನಾ ಮುಂದೆ ನಿಂತು ಎಲ್ಲ ಹೇಳಿದರು. ಎರಡೂ ಹೆಸರು ಒಬ್ಬಳದೇ ಎಂದು ವಕೀಲರ ಹತ್ತಿರ ಒಂದು ಅಫಿಡವಿಟ್ ಮಾಡಿಸಿದ್ದರೆ ಸಾಕಿತ್ತೇ ಎಂದು ಕೇಳಿದರು. ಸಾಕಿತ್ತು, ಒಂದು ದಿನದ ಕೆಲಸ ಅಂದರು ಲವೀನಾ. ಹೇಳಬಾರದಿತ್ತು ಎಂದು ಅವರಿಗೆ ಈಗ ಅನ್ನಿಸುತ್ತದೆ, ಆದರೆ ಸುಳ್ಳು ಹೇಳುವುದು ಹೇಗೆ? ತಾವೂ ಆ ಪ್ರಶ್ನೆ ಕೇಳಿರಲಿಲ್ಲ ಎಂಬ ನೋವು ಅವರಿಗೂ ಇದೆ. ಡಾಕ್ಟರರು ಚಂದವ್ವನನ್ನು ಕೂಡಿಸಿ ಸಮಾಧಾನ ಹೇಳಿದರು: ಸೇರಿದ್ದರೂ ಅವಳಿಗೆ ಬರೀ ಗುಳಿಗೆಯೇ ಬರುತ್ತಿತ್ತೋ ಏನೋ, ಲಕ್ವ ತಪ್ಪುತ್ತಿತ್ತೆಂದು ಯಾರೂ ಹೇಳಲಾರರು.

ಈ ಮಾತನ್ನು ಚಂದವ್ವ ನೂರು ಸಲ ಬೇರೆಯವರಿಗೆ ಹೇಳಿದ್ದಾರೆ. ಚೀಟಿ ಎತ್ತುತ್ತಾರೆ, ಯಾರಿಗೆ ಯಾವುದು ಬಂತೋ ಯಾರಿಗೂ ಗೊತ್ತಿಲ್ಲ. ಬೇರೆಯವರಿಗೆ ಹೇಳುವಾಗ ಸಲೀಸಾಗಿ ಬರುವ ಮಾತು ತಮಗೇ ಸಮಾಧಾನ ಕೊಡುವುದಿಲ್ಲ. “ಗುಳಿಗಿ ಮಾತ ಬಿಡ್ರಿ, ಖರೇದರ ಬರ್ಲಿ, ಬರೇದರ ಬರ್ಲಿ. ಟ್ರಯಲ್‌ನ್ಯಾಗ ಇದ್ದಿದ್ರ ಹದಿನೈದು ದಿನಕ್ಕೊಮ್ಮೆ ಆಕೀ ರಕ್ತ ನೋಡ್ತಿದ್ರಲ್ರಿ. ಐದು ವಾರ ಬಿಡ್ತಿದ್ರೇನು? ಲವೀನಾ ಬಾಯಿ ಫೋನ್ ಮಾಡಿ ಮಾಡಿ ಜೀವಾ ತಿಂತಿದ್ರು.” ಅವರು ಹೇಳುವುದು ನಿಜ.

ಒಂದು ತಿಂಗಳು ಚಂದವ್ವ ಯಾರ ಬಾಗಿಲನ್ನೂ ಬಡಿಯಲಿಲ್ಲ. ಸೋಮವಾರ ಬಂದರೂ ಎರಡನೇ ಮಹಡಿಯ ಆ ಕೋಣೆಯನ್ನು ತಲೆ ತಗ್ಗಿಸಿ ಒರೆಸಿ ಹೊರಟುಬಿಡುತ್ತಿದ್ದರು. ಅಮೀನಪ್ಪ ಹೆಂಡತಿಗೆ ಬುದ್ಧಿ ಹೇಳುವ ಪೈಕಿಯವನಲ್ಲ, ಒಂದು ದಿನ ಇಷ್ಟೇ ಅಂದ: “ನೀ ಬಿಟ್ರ ಆ ಹುಡುಗೀಗೆ ಚಲೋ ಆಗತೈತೇನು?” ಡಿಸೆಂಬರಿನಲ್ಲಿ ಮತ್ತೆ ಶುರುವಾಯಿತು. ಆದರೆ ರೀತಿ ಬದಲಾಗಿತ್ತು. ಈಗ ಮೊದಲ ಮಾತು ರೋಗಿಯ ಜೊತೆ, ಅದೂ ಒಬ್ಬಳನ್ನೇ ಹೊರಗೆ ಕರೆದು. ಎರಡು ಹೆಸರಿನ ಏಳು ಹೆಣ್ಣುಮಕ್ಕಳು ಈ ಐದು ತಿಂಗಳಲ್ಲಿ ಸಿಕ್ಕಿದ್ದಾರೆ. ಅವರಲ್ಲಿ ಇಬ್ಬರ ಹಳೆಯ ರಿಪೋರ್ಟು ತವರಿನ ಹೆಸರಿನಲ್ಲಿತ್ತು. ಒಬ್ಬಳದು ಬೆಳಗಾವಿಯಿಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬಂತು, ಇನ್ನೊಬ್ಬಳದು ಮೊಬೈಲಿನಲ್ಲಿ. ಇಬ್ಬರೂ ಕಾಯದೆ ಸೇರಿದರು. ಲವೀನಾ ತಮ್ಮ ಫಾರ್ಮಿಗೆ ‘ಮದುವೆಗೆ ಮೊದಲಿನ ಹೆಸರು’ ಎಂದು ಒಂದು ಸಾಲು ಸೇರಿಸಿದ್ದಾರೆ. “ಆ ಸಾಲು ಚಂದವ್ವನದು. ಆದರೆ ಯಾರ ಸಾಲು ಎಂದು ಬರೆಯಲು ಫಾರ್ಮಿನಲ್ಲಿ ಜಾಗವಿಲ್ಲ,” ಅನ್ನುತ್ತಾರೆ.

ಶ್ವೇತಾ ಸೇರಿದ ಹೊಸ ಟ್ರಯಲಿಗೆ ಮಲ್ಲಿಕಾಳನ್ನು ಸೇರಿಸಬಹುದೇ ಎಂದು ಚಂದವ್ವ ಕೇಳದೆ ಇರಲಿಲ್ಲ. ಒಂದು ವರ್ಷದೊಳಗೆ ಲಕ್ವ ಹೊಡೆದವರಿಗೆ ಅದರಲ್ಲಿ ಪ್ರವೇಶವಿಲ್ಲ. ಷರತ್ತುಗಳನ್ನು ಬಾಯಿಪಾಠ ಮಾಡಿಕೊಂಡವರಿಗೆ ಅದು ಮೊದಲೇ ಗೊತ್ತಿತ್ತು, ಆದರೂ ಕೇಳಿದರು.

ಗುರುವಾರ ಸಂಜೆ ಆಸ್ಪತ್ರೆಯಿಂದ ಬಂದ ಚಂದವ್ವ ಮನೆಗೆ ಹೋಗುವ ಮೊದಲು ಗುರುಪಾದನ ಬಾಗಿಲಿಗೆ ಬರುತ್ತಾರೆ. ಮಲ್ಲಿಕಾ ಗೋಡೆಗೆ ದಿಂಬು ಆನಿಸಿ ಕುಳಿತಿದ್ದಾಳೆ. ಕಾಲು ಸ್ವಲ್ಪ ಸುಧಾರಿಸಿದೆ, ಹಿಡಿದುಕೊಂಡು ನಡೆಯುತ್ತಾಳೆ. ಬಲಗೈ ಮಡಿಲಲ್ಲಿ ಬಿದ್ದಿರುತ್ತದೆ. ಮಾತು ಹೋಗಿದೆ, ಕೇಳಿದ್ದೆಲ್ಲ ತಿಳಿಯುತ್ತದೆ, ಆಡಲು ಹೋದರೆ ನಾಲಿಗೆ ತಡವರಿಸುತ್ತದೆ. ‘ನೀರು’, ‘ಹೂಂ’, ‘ಬ್ಯಾಡ’, ಹೀಗೆ ಆರು ತಿಂಗಳಲ್ಲಿ ಮರಳಿದ್ದು ಒಂಬತ್ತು ಮಾತು. ಮಹಾದೇವಕ್ಕ ಸೊಸೆಗೆ ತುತ್ತು ಮಾಡಿ ತಿನ್ನಿಸುತ್ತಾರೆ, ಜಡೆ ಹೆಣೆಯುತ್ತಾರೆ. ಚಂದವ್ವ ಆಸ್ಪತ್ರೆಯಲ್ಲಿ ನೋಡಿ ಕಲಿತಂತೆ ಮಲ್ಲಿಕಾಳ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸುತ್ತಾರೆ. ಬಿಡಿಸುತ್ತ ಪಾತ್ರೆ, ಬಾಗಿಲು, ಒಲೆ ಎಂದು ಕಂಡದ್ದರ ಹೆಸರು ಹೇಳುತ್ತಾರೆ, ಅವಳು ತುಟಿ ಅಲ್ಲಾಡಿಸುತ್ತಾಳೆ.

ಆ ಕಾಗದದ ಸಂಗತಿಯನ್ನು ಚಂದವ್ವ ಅವಳಿಗೆ ಹೇಳಿಯಾಗಿದೆ. ಜನವರಿಯಲ್ಲಿ, ಇದೇ ಚಾಪೆಯ ಮೇಲೆ, ಒಂದಕ್ಷರ ಮುಚ್ಚದೆ ಹೇಳಿದರು. ಮಲ್ಲಿಕಾ ಅವರ ಮುಖವನ್ನು ಬಹಳ ಹೊತ್ತು ನೋಡಿದಳು. ಏನೋ ಅನ್ನಲು ಬಾಯಿ ತೆರೆದಳು, ಮಾತು ಬರಲಿಲ್ಲ. ಕೊನೆಗೆ ಎಡಗೈಯಿಂದ ಕಣ್ಣೊರೆಸಿಕೊಂಡು ಆ ಕಡೆ ತಿರುಗಿದಳು. ಆಗ ಅವಳು ಅನ್ನಬೇಕೆಂದಿದ್ದು ಏನು? ಕ್ಷಮಿಸಿದಳೇ, ಶಪಿಸಿದಳೇ, ನಾನೂ ಬಾಯಿ ಬಿಡಲಿಲ್ಲವಲ್ಲ ಎಂದು ತನ್ನನ್ನೇ ಹಳಿದುಕೊಂಡಳೇ? ಚಂದವ್ವ ಇದನ್ನು ಯೋಚಿಸದ ದಿನವಿಲ್ಲ.

ಇಷ್ಟು ಜನರಿಗೆ ದಾರಿ ತೋರಿಸಿದ್ದೀರಿ, ನಿಮಗೇನು ಆಸೆ ಎಂದು ಕೇಳಿದರೆ ಮೊದಲು ಏನೂ ಇಲ್ಲ ಅನ್ನುತ್ತಾರೆ. ಮಲ್ಲಿಕಾಳ ಬೆರಳು ಬಿಡಿಸುವುದನ್ನು ನಿಲ್ಲಿಸುವುದಿಲ್ಲ. ಆಮೇಲೆ ಅವಳಿಗೂ ಕೇಳಿಸುವಂತೆಯೇ ಹೇಳುತ್ತಾರೆ:

“ಈಕೀಗೆ ಮಾತ ಬರ್ಲಿ ಅಷ್ಟರಿ. ಬಂದ ದಿನ ಮೊದಲ ನನಗ ಬೈಲಿ. ಬಾಯಿ ತುಂಬ ಬೈಲಿ. ನಾ ಹೊಳ್ಳಿ ಒಂದ್ ಮಾತೂ ಆಡೂದಿಲ್ಲ, ಇಲ್ಲೇ ಕುಂತು ಎಲ್ಲಾ ಕೇಳತೀನಿ.”